ನೋಡದೆ ಹಾಕಿದ ಬಾಗಿಲು

"ಒಳೀಕೆ ಒಂದ್ಸಲ ನೋಡ್ದೇನವ್ವ?" ಅಂತ ಮಾವ ಕೇಳಿದರು. ನೋಡಿದೆ ಅಂದೆ. ನೋಡಿರಲಿಲ್ಲ.

ಅವರು ಮರುಮಾತಾಡದೆ ಬ್ಯಾರನ್ನಿನ ಬಾಗಿಲು ಎಳೆದು ಚಿಲಕ ಹಾಕಿ, ಒಲೆಗೆ ಬೆಂಕಿ ಕೊಡಲು ಹೋದರು. ನಾನು ಅಡುಗೆಮನೆಗೆ ಓಡಿದೆ.

ಬ್ಯಾರನ್ ಅಂದರೆ ಹೊಗೆಸೊಪ್ಪು ಬೇಯಿಸುವ ಮನೆ. ಪಿರಿಯಾಪಟ್ಟಣದ ಕಡೆ ಹೊಲದ ಅಂಚಿನಲ್ಲಿ ನಿಂತಿರುವ ಎತ್ತರದ ಮೊಂಡುಗೋಡೆಯ ಕಟ್ಟಡಗಳನ್ನು ನೀವೂ ನೋಡಿರಬಹುದು. ಒಳಗೆ ನೆಲದಿಂದ ಮೊಣಕಾಲೆತ್ತರದಲ್ಲಿ ದಪ್ಪ ತಗಡಿನ ಕೊಳವೆಗಳು ಸುತ್ತು ಹಾಕಿಕೊಂಡು ಹೋಗುತ್ತವೆ. ಹೊರಗಿನ ಒಲೆಯಲ್ಲಿ ಸೌದೆ ಉರಿದರೆ ಕೊಳವೆ ಕಾಯುತ್ತದೆ. ಮೇಲೆ ಕಡ್ಡಿಗಳಿಗೆ ಕಟ್ಟಿ ನೇತುಹಾಕಿದ ಹಸಿ ಸೊಪ್ಪು ಆ ಕಾವಿಗೆ ಹಳದಿಗೆ ತಿರುಗಿ ಐದಾರು ದಿನದಲ್ಲಿ ಒಣಗುತ್ತದೆ. ಸೊಪ್ಪು ತುಂಬಿದ ಮೇಲೆ, ಬೆಂಕಿ ಹಾಕುವ ಮೊದಲು, ಒಬ್ಬರು ಟಾರ್ಚ್ ಹಿಡಿದು ಕೊಳವೆಗಳ ಕೆಳಗೆ ನುಸುಳಿ ನಾಲ್ಕು ಮೂಲೆಯನ್ನೂ ನೋಡಿ ಬರಲೇಬೇಕು. ಕಡ್ಡಿಯಿಂದ ಜಾರಿದ ಎಲೆ ಕೊಳವೆಯ ಮೇಲೆ ಬಿದ್ದಿದ್ದರೆ ಕಾವು ಏರಿದಾಗ ಅದಕ್ಕೆ ಕಿಡಿ ಹತ್ತಿ ಬ್ಯಾರನ್ನಿಗೆ ಬ್ಯಾರನ್ನೇ ಉರಿದುಹೋಗುತ್ತದೆ. ಹಾಗೆ ಸುಟ್ಟು ಕರಕಲಾದ ಗೋಡೆಗಳು ನಮ್ಮೂರ ದಾರಿಯಲ್ಲೇ ಎರಡಿವೆ.

ಆ ನೋಡುವ ಕೆಲಸ ನಮ್ಮ ಮನೆಯಲ್ಲಿ ನನ್ನದು. ನಾನು ಭೇರ್ಯದ ಕಡೆಯ ಗದ್ದೆ ಬಯಲಿನವಳು. ಮದುವೆಯಾಗಿ ಬಂದಾಗ ಹೊಗೆಸೊಪ್ಪಿನ ವಾಸನೆಗೇ ತಲೆ ಸುತ್ತುತ್ತಿತ್ತು. ಸೊಪ್ಪಿನ ಬಣ್ಣ ನೋಡುವುದು, ಕಾವು ಓದುವುದು, ಯಾವ ಸೌದೆ ಎಷ್ಟು ಹೊತ್ತು ಉರಿಯುತ್ತದೆ ಅನ್ನುವುದು, ಎಲ್ಲ ಕಲಿಸಿದವರು ಮಾವ. ಎರಡನೇ ವರ್ಷ ಟಾರ್ಚನ್ನು ನನ್ನ ಕೈಗಿಟ್ಟರು. ಅವಳು ನೋಡಿದ ಮೇಲೆ ನಾನು ನೋಡೋದೇನಿದೆ ಅಂತ ಅಕ್ಕಪಕ್ಕದ ಹೊಲದವರಿಗೆ ಹೇಳುತ್ತಿದ್ದರು. ನನ್ನ ಸಾರನ್ನು ಆ ಮನೆಯಲ್ಲಿ ಯಾರೂ ಹೊಗಳಿದ್ದಿಲ್ಲ. ಹಾಗಾಗಿ ಈ ಮಾತು ನನಗೆ ದೊಡ್ಡದಾಗಿತ್ತು.

ಅಷ್ಟು ದೊಡ್ಡದಾಗಿದ್ದರೆ ಆ ಶುಕ್ರವಾರ ಯಾಕೆ ನೋಡಲಿಲ್ಲ? ಪ್ರವಾಸದ ಗಡಿಬಿಡಿ ಒಂದು, ನಾಯಿಮರಿ ಇನ್ನೊಂದು.

ಅತ್ತೆ ಹುಟ್ಟಿದಾಗಿಂದ ಸಮುದ್ರ ನೋಡಿದವರಲ್ಲ. ದಸರಾ ರಜೆಯಲ್ಲಿ ಕಣ್ಣೂರಿಗೆ ಹೋಗಿಬರೋಣ, ಮಾಕುಟ್ಟದ ಘಾಟಿ ಇಳಿದರೆ ಬಂತು ಅಂತ ನಮ್ಮನೆಯವರು ಹಟಕ್ಕೆ ಬಿದ್ದು ಹೊರಡಿಸಿದ್ದರು. ನಾವಿಬ್ಬರು, ಅತ್ತೆ, ಎಂಟು ವರ್ಷದ ಮಗಳು. ಬ್ಯಾರನ್ ಬಿಟ್ಟು ಬರುವ ಹಾಗಿಲ್ಲ, ನಾನು ಒಲೆ ನೋಡಿಕೊಂಡು ಇರುತ್ತೇನೆ, ನೀವು ಹೋಗಿಬನ್ನಿ ಅಂತ ಮಾವ ಮೊದಲೇ ಹೇಳಿಬಿಟ್ಟಿದ್ದರು. ಶನಿವಾರ ಬೆಳಿಗ್ಗೆ ಆರಕ್ಕೆ ಹೊರಡುವುದೆಂದು ನಿಗದಿಯಾಗಿತ್ತು.

ಮರಿಯನ್ನು ಮಗಳು ಹ್ಯಾಂಡ್‌ಪೋಸ್ಟ್ ಅನ್ನುವ ಊರಿನ ನನ್ನ ತಂಗಿ ಮನೆಯಿಂದ ಅತ್ತು ಕರೆದು ತಂದಿದ್ದಳು. ಏನು ಹೆಸರಿಡುವುದೆಂದು ಮನೆಯಲ್ಲಿ ಒಮ್ಮತವಾಗದೆ ಅದು ಮರಿ ಅಂತಲೇ ಉಳಿದಿತ್ತು. ಬಂದು ಮೂರು ವಾರವಾಗಿರಲಿಲ್ಲ, ಮನೆಯ ಒಂದು ಚಪ್ಪಲಿಗೂ ಜೋಡಿ ಇರಲಿಲ್ಲ. ಚೀಲಕ್ಕೆ ಬಟ್ಟೆ ತುಂಬಲು ಶುರುಮಾಡಿದಾಗಿಂದ ಅದಕ್ಕೆ ಹಬ್ಬ. ನಾನು ಮಡಚಿ ಇಟ್ಟಿದ್ದನ್ನು ಅದು ಎಳೆದು ಅಂಗಳಕ್ಕೆ ಒಯ್ಯುವುದು, ನಾನು ಒದರಿ ಮತ್ತೆ ಇಡುವುದು. ಹಲ್ಲುಜ್ಜುವ ಬ್ರಷ್ಷನ್ನೂ ಬಿಟ್ಟಿರಲಿಲ್ಲ. ಅವತ್ತು ಸಂಜೆ ಸೊಪ್ಪು ತುಂಬಿ ಮುಗಿಯುವ ಹೊತ್ತಿಗೆ ಸರಿಯಾಗಿ, ಸಮುದ್ರಕ್ಕೆಂದು ಅತ್ತೆ ತೆಗೆದಿಟ್ಟಿದ್ದ ಹೊಸ ಸೀರೆಯ ಸೆರಗನ್ನು ಕಚ್ಚಿ ತೂತು ಮಾಡಿತು. ನನಗೆ ಪಿತ್ತ ನೆತ್ತಿಗೇರಿತು. ಪೊರಕೆ ಎತ್ತಿಕೊಂಡು ಹೊಲದ ಕಡೆಗೆ ಅಟ್ಟಿದೆ. ಅದು ಬಾಲ ಮುದುರಿಕೊಂಡು ಬ್ಯಾರನ್ ಕಡೆಗೆ ಓಡಿದ್ದನ್ನು ಕಣ್ಣಾರೆ ಕಂಡೆ.

ಅಷ್ಟರಲ್ಲಿ ಒಳಗೆ ನೋಡಿ ಹೋಗು ಅಂತ ಮಾವ ಕೂಗಿದರು. ಅಡುಗೆಮನೆ ಒಲೆ ಮೇಲೆ ಪುಳಿಯೋಗರೆ ಗೊಜ್ಜು ಕುದಿಯುತ್ತಿತ್ತು, ಚಪಾತಿ ಹಿಟ್ಟು ಇನ್ನೂ ಕೈಗೆ ಮೆತ್ತಿಕೊಂಡಿತ್ತು. ಹೋಗಿ ಬ್ಯಾರನ್ನಿನ ಹೊಸ್ತಿಲಲ್ಲೇ ನಿಂತು ಟಾರ್ಚನ್ನು ಆ ಕಡೆ ಈ ಕಡೆ ಒಮ್ಮೆ ಆಡಿಸಿದೆ. ಮಂಡಿ ಊರಿ ಒಳಗೆ ನುಸುಳಲಿಲ್ಲ. ಸುಳ್ಳು ಹೇಳಲು ಒಂದು ಗಳಿಗೆಯೂ ಯೋಚಿಸಲಿಲ್ಲ ಅನ್ನುವುದೇ ಈಗ ನನಗೆ ಆಶ್ಚರ್ಯ.

ರಾತ್ರಿ ಊಟದ ಹೊತ್ತಿಗೆ ಮರಿ ಎಲ್ಲಿ ಅಂತ ಮಗಳು ಎರಡು ಸಲ ಕೇಳಿದಳು. ಬೈಸಿಕೊಂಡು ಗೋಣಿಚೀಲದ ಸಂದಿಯಲ್ಲಿ ಮಲಗಿರುತ್ತದೆ, ಹಸಿದರೆ ತಾನೇ ಬರುತ್ತದೆ ಅಂದೆ. ಹಿತ್ತಲಲ್ಲಿ ಪಾತ್ರೆ ತೊಳೆಯುವಾಗ ಬ್ಯಾರನ್ ಕಡೆಯಿಂದ ಸಣ್ಣಗೆ ಏನೋ ಕೇಳಿಸಿತು. ಕಾಯುವಾಗ ತಗಡಿನ ಕೊಳವೆಗಳು ಕಿರುಗುಟ್ಟುತ್ತವೆ, ಅದೇ ಇರಬೇಕು ಅಂದುಕೊಂಡೆ. ಹಾಗೆ ಅಂದುಕೊಂಡು ನಲ್ಲಿಯನ್ನು ಜೋರಾಗಿ ತಿರುಗಿಸಿದೆ. ಒಲೆಯ ಪಕ್ಕದಲ್ಲೇ ಮಲಗುವ ಮಾವನಿಗೆ ಎಡಗಿವಿ ಪೂರ್ತಿ ಮಂದ, ಬಲಗಿವಿಯೂ ಅಷ್ಟಕ್ಕಷ್ಟೆ.

ಬೆಳಿಗ್ಗೆ ಐದಕ್ಕೆ ಮಗಳು ನನ್ನನ್ನು ಅಲ್ಲಾಡಿಸಿ ಎಬ್ಬಿಸಿದಳು. ಮರಿಯ ಬುಟ್ಟಿ ಖಾಲಿ. ರಾತ್ರಿ ಇಟ್ಟ ಹಾಲು ಕಲಸಿದ ಅನ್ನ ಹಾಗೇ ಇದೆ, ಇರುವೆ ಮುತ್ತಿವೆ.

ಕಾರಿನ ಡಿಕ್ಕಿ ತೆಗೆದು ಸಾಮಾನು ಇಡುತ್ತಿದ್ದ ನಮ್ಮನೆಯವರು ಅದನ್ನು ಹಾಗೇ ಬಿಟ್ಟು ಹುಡುಕಲು ಹೊರಟರು. ಹುಲ್ಲಿನ ಮೆದೆ, ಕೊಟ್ಟಿಗೆ, ಮೋರಿ, ಸೌದೆ ರಾಶಿ, ಎಲ್ಲೂ ಇಲ್ಲ. ಆಗ ಅತ್ತೆ ಚಿರತೆ ಅಂದರು. ಹದಿನೈದು ದಿನದ ಹಿಂದೆ ಪಕ್ಕದ ಶುಂಠಿ ಹೊಲದಿಂದ ಒಂದು ನಾಯಿಯನ್ನು ಚಿರತೆ ಹೊತ್ತೊಯ್ದಿದ್ದು ಎಲ್ಲರಿಗೂ ಗೊತ್ತಿತ್ತು. ನಮ್ಮನೆಯವರು ಹೌದು, ಅದೇ ಇರಬೇಕು ಅಂದರು. ಮಗಳು ಅಳತೊಡಗಿದಳು. ಅವಳ ತಲೆ ಸವರುತ್ತಾ ನಾನೂ ಚಿರತೆಯೇ ಇರಬೇಕು ಮಗ ಅಂದೆ. ಚಿರತೆಯಾದರೆ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ಅಳುವ ಮಗುವಿನ ತಲೆ ಮೇಲೆ ಕೈಯಿಟ್ಟುಕೊಂಡು ನಾನು ಲೆಕ್ಕ ಹಾಕಿದ್ದು ಇದನ್ನು. ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ.

ಮಾವ ಕಾಫಿಗೆ ಬಂದರು. ಮರಿಯ ವಿಷಯ ಕೇಳಿ ಅಯ್ಯೋ ಪಾಪ ಅಂದರು. ಸೊಪ್ಪು ಚೆನ್ನಾಗಿ ಹಳದಿಗೆ ತಿರುಗುತ್ತಿದೆ, ಏಳಕ್ಕೆ ಇನ್ನೊಂದು ಸುತ್ತು ಕಾವು ಏರಿಸುತ್ತೇನೆ ಅಂತ ಹೇಳಿ ಲೋಟ ಇಟ್ಟು ಹೊರಟರು.

ಗಡಿಯಾರ ಆರೂ ಮುಕ್ಕಾಲು ತೋರಿಸುತ್ತಿತ್ತು. ಮಾವನ ಹಿಂದೆಯೇ ಹೋದೆ. ಬ್ಯಾರನ್ನಿನ ಗೋಡೆ ಮುಟ್ಟಿದರೆ ಬೆಚ್ಚಗಿತ್ತು. ಬಾಗಿಲಿಗೆ ಕಿವಿಯಿಟ್ಟೆ. ಏನೂ ಇಲ್ಲ. ರಾತ್ರಿ ಕೇಳಿದ್ದ ಸದ್ದಿಗಿಂತ ಈ ನಿಶ್ಶಬ್ದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. ಮಾವ ತೋಳಿನಷ್ಟು ದಪ್ಪದ ಸೌದೆಯೊಂದನ್ನು ಎತ್ತಿ ಒಲೆಯ ಬಾಯಿಗೆ ಹಿಡಿದಿದ್ದರು. ಹೇಳಿದರೆ ಏನಾಗುತ್ತದೆ ಅಂತ ಗೊತ್ತಿತ್ತು. ಈ ಮನೆಯಲ್ಲಿ ನನಗಿದ್ದ ಒಂದೇ ಒಂದು ಹೆಸರು ಅಲ್ಲಿಗೆ ಮುಗಿಯುತ್ತದೆ.

ಅವರಿಗೆ ಕೇಳಿಸಲಿ ಅಂತ ಬಲಗಿವಿಯ ಕಡೆಗೆ ಹೋಗಿ ನಿಂತೆ. "ಮಾವ, ನಿನ್ನೆ ನಾನು ಒಳಗೆ ನೋಡ್ಲಿಲ್ಲ."

ಅವರು ಸೌದೆಯನ್ನು ಕೆಳಗಿಟ್ಟರು. ನೆಟ್ಟಗೆ ಹೋಗಿ ಚಿಲಕ ತೆಗೆದರು. ಒಳಗಿನಿಂದ ಹಬೆಯ ಜೊತೆ ಹಸಿಸೊಪ್ಪಿನ ಹುಳಿ ವಾಸನೆ ಮುಖಕ್ಕೆ ಬಡಿಯಿತು. ನಾನು ಹೋಗ್ತೀನಿ ಮಾವ ಅನ್ನುವಷ್ಟರಲ್ಲಿ ಅವರು ಪಂಚೆ ಮೇಲೆ ಕಟ್ಟಿ ಮಂಡಿಯೂರಿ ಒಳಗೆ ನುಸುಳಿಯಾಗಿತ್ತು. ಎಪ್ಪತ್ತರ ಮೇಲಿನ ಮುದುಕರು. ಕಾದ ಕೊಳವೆಗಳ ಕೆಳಗೆ ಟಾರ್ಚಿನ ಬೆಳಕು ತೆವಳುತ್ತಾ ಹೋಯಿತು, ಎಡಮೂಲೆ, ಬಲಮೂಲೆ, ಹಿಂದಿನ ಗೋಡೆ. ಅಲ್ಲಿ ನಿಂತಿತು. ಬಹಳ ಹೊತ್ತು ಅಲ್ಲೇ ನಿಂತಿತ್ತು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು, ಬದುಕಿರಲಿ ದೇವರೇ, ಬದುಕಿರಲಿ ಅನ್ನುತ್ತಿದ್ದೆ.

ಹೊರಗೆ ಬಂದಾಗ ಅವರ ಒಂದು ಕಂಕುಳಲ್ಲಿ ಮರಿಯಿತ್ತು, ಇನ್ನೊಂದು ಕೈಯಲ್ಲಿ ಮೂರು ಎಲೆ. ಎಲೆಗಳ ಅಂಚು ಕೊಳವೆಯ ಕಾವಿಗೆ ಆಗಲೇ ಕಂದುಬಣ್ಣಕ್ಕೆ ಸುರುಟಿಕೊಂಡಿತ್ತು. ಮರಿ ಹಿಂದಿನ ಮೂಲೆಯ ನೆಲವನ್ನು ಕೆರೆದು ಗುಂಡಿ ಮಾಡಿ, ತಂಪು ಮಣ್ಣಿಗೆ ಮೂತಿಯಿಟ್ಟು ಬಿದ್ದಿತ್ತಂತೆ. ಮೈ ಒದ್ದೆ ಬಟ್ಟೆಯ ಹಾಗೆ ಜೋಲುತ್ತಿತ್ತು. ಆದರೆ ಪಕ್ಕೆ ಆಡುತ್ತಿತ್ತು. ಮಾವ ಬಾಗಿಲು ಮತ್ತೆ ಭದ್ರಮಾಡಿ, ಚೊಂಬಿನ ನೀರಲ್ಲಿ ಬೆರಳದ್ದಿ ಅದರ ಬಾಯಿಗೆ ಸವರತೊಡಗಿದರು. ನಾಲ್ಕನೇ ಸಲಕ್ಕೆ ನಾಲಗೆ ಹೊರಗೆ ಬಂತು. ನಾನು ಅಲ್ಲೇ ಕುಕ್ಕರಿಸಿ ಅತ್ತುಬಿಟ್ಟೆ.

ಅಷ್ಟರಲ್ಲಿ ಮನೆಯವರೆಲ್ಲ ಓಡಿಬಂದರು. ಮಗಳು ಮರಿಯನ್ನು ತಬ್ಬಿಕೊಂಡಳು. ನಮ್ಮನೆಯವರ ಕಣ್ಣು ಬಿದ್ದದ್ದು ಸುರುಟಿದ ಎಲೆಗಳ ಮೇಲೆ. ಬೆಂಕಿ ಹಾಕುವ ಮೊದಲು ಒಳಗೆ ಯಾರು ನೋಡಿದ್ದು ಅಂತ ಕೇಳಿದರು. ನಾನು ಬಾಯಿ ತೆರೆದೆ.

"ನಾನೇ ಕಣ್ಲಾ. ಕಣ್ಣು ಮಂಜು, ಕಾಣ್ನಿಲ್ಲ" ಅಂದರು ಮಾವ. ತಲೆ ಎತ್ತಲಿಲ್ಲ, ಮರಿಗೆ ನೀರು ಸವರುತ್ತಲೇ ಇದ್ದರು.

ನಾನು ತೆರೆದ ಬಾಯಿ ಮುಚ್ಚಿದೆ. ಎದೆಯ ಮೇಲಿಂದ ಯಾರೋ ಮೂಟೆ ಇಳಿಸಿದ ಹಾಗಾಯಿತು. ಅದನ್ನು ಮುದುಕರ ಹೆಗಲಿಗೆ ಏರಿಸಿದೆ ಅನ್ನುವುದು ಆಗ ಹೊಳೆಯಲಿಲ್ಲ, ಅಥವಾ ಹೊಳೆದರೂ ಒಪ್ಪಿಕೊಳ್ಳಲಿಲ್ಲ.

ಹೊರಡುವಾಗ ಒಂಬತ್ತೂವರೆ. ಅಷ್ಟರಲ್ಲಿ ಮರಿ ಗಂಜಿ ಕುಡಿದು ಎದ್ದು, ತಡವರಿಸುತ್ತಲೇ ನಮ್ಮನೆಯವರ ಶೂ ದಾರ ಜಗ್ಗುವಷ್ಟಾಗಿತ್ತು. ತಾತನ ಹತ್ತಿರ ಬಿಟ್ಟು ಬರಲು ಮಗಳು ಕಡೆಗೂ ಒಪ್ಪಿದಳು.

ಪಂಚವಳ್ಳಿ ದಾಟುವ ಮೊದಲೇ ಕಾರಿನಲ್ಲಿ ಮಾತು ಶುರುವಾಯಿತು. ಅಪ್ಪನಿಗೆ ಇನ್ನು ಬ್ಯಾರನ್ ಬೇಡ, ಕಿವಿ ಹೋಗಿತ್ತು, ಈಗ ಕಣ್ಣೂ ಹೋಯಿತು ಅಂದರು ನಮ್ಮನೆಯವರು. ಇವತ್ತೇ ಏನಾದರೂ ಆದರೆ ಗತಿಯೇನು ಅಂತ ಕಾರನ್ನು ಬದಿಗೆ ಹಾಕಿ, ಪಕ್ಕದ ಹೊಲದವನಿಗೆ ಫೋನ್ ಮಾಡಿದರು. ನಾವು ಬರುವವರೆಗೆ ಒಲೆ ನೀನೇ ನೋಡಿಕೊ, ಅಪ್ಪನನ್ನು ಮನೆಗೆ ಕಳಿಸು ಅಂದರು. ಅತ್ತೆ ಹೂಂ ಅಂದು, ಕಿಟಕಿಯ ಕಡೆಗೆ ತಿರುಗಿ ಕೂತರು.

ಕಾಡು ಶುರುವಾಯಿತು. ಆನೆ ಓಡಾಡುವ ದಾರಿ, ಗಾಡಿ ನಿಲ್ಲಿಸುವ ಹಾಗಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ನಲವತ್ತು ವರ್ಷ ಆ ಒಲೆಯ ಮುಂದೆ ಕೂತ ಮನುಷ್ಯ ಈಗ ಮನೆ ಜಗಲಿ ಮೇಲೆ ಕೈ ಕಟ್ಟಿ ಕೂತಿರುತ್ತಾರೆ ಅಂತ ಅನಿಸಿತು. ಮುಂದಿನ ವರ್ಷವೂ ಹೀಗೇ ಕೂತಿರುತ್ತಾರೆ. ಕೂರಿಸಿದ್ದು ನಾನು. ಮಗಳ ಮುಂದೆ ಹೇಗೆ ಹೇಳುವುದು? ಸಮುದ್ರ ನೋಡಿ ವಾಪಸ್ ಬಂದ ಮೇಲೆ ಹೇಳಿದರಾಯಿತು ಅಂದುಕೊಂಡೆ. ಹಾಗೆ ಮುಂದೂಡಿದರೆ ಜನ್ಮದಲ್ಲಿ ಹೇಳುವುದಿಲ್ಲ ಅನ್ನುವುದೂ ಗೊತ್ತಿತ್ತು.

"ನಿನ್ನೆ ಒಳಗೆ ನೋಡ್ಬೇಕಾಗಿದ್ದೋಳು ನಾನು" ಅಂದೆ. "ನೋಡಿದೆ ಅಂತ ಸುಳ್ಳು ಹೇಳ್ದೆ. ಮಾವ ನನ್ನ ಮಾತು ನಂಬಿ ಬಾಗಿಲು ಹಾಕಿದ್ರು."

ಕಾರಿನ ವೇಗ ತಟ್ಟನೆ ತಗ್ಗಿತು. ನಿಲ್ಲಿಸುವ ಹಾಗಿಲ್ಲವೆಂದು ನೆನಪಾಗಿ ಮತ್ತೆ ಮುಂದೆ ಹೋಯಿತು. ನಮ್ಮನೆಯವರು ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿ ಕಣ್ಣು ತಿರುಗಿಸಿದರು. ಹಾಗಾದರೆ ತಾತ ಯಾಕೆ ನಾನೇ ಅಂದರು ಅಂತ ಮಗಳು ಕೇಳಿದಳು.

ಅತ್ತೆ ಕಿಟಕಿಯಿಂದ ತಿರುಗದೆಯೇ ಮಾತಾಡಿದರು. "ನಂಗೆ ಗೊತ್ತಿತ್ತು ಕಣವ್ವ. ಅವ್ರು ನೋಡಿದ್ರೆ ಮೂರೆಲೆ ಉಳೀತಿರ್ಲಿಲ್ಲ. ನೀನು ಎಲ್ಲೀಗಂಟ ಸುಮ್ಕಿರ್ತೀಯ ಅಂತ ನೋಡ್ತಿದ್ದೆ."

ನನಗೆ ಕಾರಿನ ನೆಲ ಬಾಯಿ ಬಿಡಬಾರದೇ ಅನಿಸಿತು.

ಕಾಡು ದಾಟಿ ತಿತಿಮತಿ ಊರು ಬಂದಾಗ ನಮ್ಮನೆಯವರು ಕಾರು ನಿಲ್ಲಿಸಿ, ಮಾವನ ನಂಬರಿಗೆ ಕರೆ ಮಾಡಿ ಫೋನನ್ನು ನನಗೆ ಕೊಟ್ಟರು. ಆ ಕಡೆ ಬಹಳ ಹೊತ್ತು ರಿಂಗಾಯಿತು. ಮಾವ ಎತ್ತಿ, ಮರಿ ಚೆನ್ನಾಗಿದೆ, ಜಗಲಿ ಮೇಲೆ ನನ್ನ ಕಾಲ ಹತ್ತಿರವೇ ಮಲಗಿದೆ, ನೀವು ಹುಷಾರಾಗಿ ಹೋಗಿ ಅಂದರು.

"ಮಾವ, ನಾನು ಎಲ್ಲಾ ಹೇಳಿದೀನಿ. ನೀವು ಒಲೆ ಹತ್ರ ಹೋಗಿ."

ಕೇಳಿಸಲಿಲ್ಲವೇನೋ ಅಂತ ಇನ್ನೊಮ್ಮೆ ಹೇಳಲು ಹೊರಟೆ. ಮಗನೂ ಕೇಳಿಸಿಕೊಂಡನಾ ಅಂದರು ಮಾವ. ಹೂಂ ಅಂದೆ. ಅವರು ಫೋನನ್ನು ಕಟ್ ಮಾಡದೆ ಹಾಗೇ ಜೇಬಿಗೆ ಹಾಕಿಕೊಂಡರು ಅಂತ ಕಾಣುತ್ತದೆ. ಚಪ್ಪಲಿ ಮೆಟ್ಟಿದ ಸದ್ದು, ಆಮೇಲೆ ಹೊಲದ ದಾರಿಯಲ್ಲಿ ನಡೆಯುವ ಸದ್ದು. ಅವರ ನಡಿಗೆ ಇಷ್ಟು ಜೋರೆಂದು ನನಗೆ ಗೊತ್ತಿರಲಿಲ್ಲ. ನಾನು ಫೋನ್ ಕಿವಿಗೊತ್ತಿಕೊಂಡೇ ನಿಂತಿದ್ದೆ. ಕೊನೆಗೆ ಒಲೆಯ ಹತ್ತಿರ ತಲುಪಿರಬೇಕು.

"ಏಳಪ್ಪ ಮ್ಯಾಕೆ" ಅಂದರು ಪಕ್ಕದ ಹೊಲದವನಿಗೆ. "ಅದು ನನ್ ಜಾಗ."