ಹಿಂದಿ ಟೀಚರ್ ಕೇಳಿದ ಒಂದು ಪ್ರಶ್ನೆ

ಮೊನ್ನೆ ಆಸ್ಪತ್ರೆಯ ವಾರ್ಡಿನಲ್ಲಿ ಯಾರದೋ ಕೈಜಾರಿ ನೀಲಗಿರಿ ಎಣ್ಣೆಯ ಸೀಸೆ ಒಡೆಯಿತು. ಆ ವಾಸನೆಗೆ ನಮ್ಮ ಓಣಿಯ ಹಿಂದಿ ಟೀಚರ್ ನೆನಪಾದರು. ತಲೆನೋವೆಂದು ಸದಾ ಹಣೆಗೆ ಅದನ್ನೇ ಹಚ್ಚಿಕೊಳ್ಳುತ್ತಿದ್ದರು. ಒಂದು ಕಡೆ ಕೂತವರೇ ಅಲ್ಲ; ಮಾತಾಡುವಾಗಲೂ ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತಲೇ...

ಹೊಸಪೇಟೆಯಲ್ಲಿ ಆಗ ಅದಿರಿನ ಲಾರಿಗಳದೇ ರಾಜ್ಯ. ಎಲ್ಲೆಲ್ಲಿಂದಲೋ ಜನ ಬಂದಿದ್ದರು. ಊರೆಲ್ಲ ಧೂಳಿಗೆ ಬೈಯುತ್ತಿದ್ದರೆ ಟೀಚರಿಗೆ ಮಾತ್ರ ಹಿಂದಿಯಾಡಲು ಜನ ಸಿಕ್ಕರೆಂದು ಹಿಗ್ಗು. "ದೇಶಕ್ಕೆಲ್ಲ ಒಂದ ಮಾತು ಇರಬೇಕು ತಂಗಿ. ಇಲ್ಲಾಂದ್ರ ನಮ್ಮ ದೇಶದಾಗ ನಾವ ಪರದೇಶಿಗಳು" ಅನ್ನುತ್ತಿದ್ದರು. ಚಹಾದಂಗಡಿ ಮುಂದೆ ಡ್ರೈವರುಗಳನ್ನು ನಿಲ್ಲಿಸಿ, ಹಿಂದಿಯಲ್ಲಿ ಗಾಡಿ ಸ್ತ್ರೀಲಿಂಗ, 'ಗಾಡಿ ಆಯಾ' ಅಲ್ಲ, 'ಆಯೀ' ಎಂದು ತಿದ್ದುತ್ತಿದ್ದರು. ಡ್ರೈವರುಗಳು ನಗುತ್ತಾ ಮತ್ತೆ 'ಆಯಾ' ಎಂದೇ ಹೇಳುತ್ತಿದ್ದರು.

ನಾನು ಆಗಷ್ಟೇ ಒಂದು ನರ್ಸಿಂಗ್ ಹೋಮಿಗೆ ನರ್ಸ್ ಆಗಿ ಸೇರಿದ್ದೆ. ಒಂದು ಬೆಳಿಗ್ಗೆ ಗಾದಿಗನೂರಿನ ಹತ್ತಿರ ಲಾರಿ ಮಗುಚಿ, ನಡುವಯಸ್ಸಿನ ಕ್ಲೀನರ್ ಒಬ್ಬನನ್ನು ತಂದರು. ಡ್ರೈವರ್ ಓಡಿಹೋಗಿದ್ದ. ಜಜ್ಜಿಹೋದ ಕಾಲನ್ನು ತೆಗೆಯಲೇಬೇಕೆಂದರು ಡಾಕ್ಟರು. ಅವನ ಮಾತು ನಮಗ್ಯಾರಿಗೂ ತಿಳಿಯದು. ಹಿಂದಿಯಾದರೂ ತಿಳಿದೀತೆಂದು ನಾನು ಓಡಿಹೋಗಿ ಟೀಚರನ್ನು ಕರೆತಂದೆ.

ಅವರು ಅವನ ತಲೆ ಸವರಿ ಹಿಂದಿಯಲ್ಲಿ ನಿಧಾನವಾಗಿ ಎಲ್ಲ ವಿವರಿಸಿದರು. ಅವನು "ಹಾಂ" ಅಂದ. ಕಾಲು ತೆಗೆಯಬಹುದೇ ಎಂದರು. ಅದಕ್ಕೂ "ಹಾಂ."

"ಒಪ್ಪಿದನಲ್ರಿ. ಹೆಬ್ಬೆಟ್ಟು ಒತ್ತಿಸ್ರಿ ಸಿಸ್ಟರ್" ಅಂದರು ಡಾಕ್ಟರು.

ಅವನ ಮುಖವನ್ನೇ ನೋಡುತ್ತಿದ್ದ ಟೀಚರ್, "ತುಮ್ ಹಾಥೀ ಹೋ?" ಎಂದು ಕೇಳಿದರು. ನೀನು ಆನೆಯೇನು, ಅಂತ.

"ಹಾಂ" ಅಂದ, ಅಷ್ಟೇ ವಿನಯದಿಂದ.

"ತಡೀರಿ ಡಾಕ್ಟ್ರೇ, ಇವಗ ಏನೂ ತಿಳಿದಿಲ್ಲ. ಎಷ್ಟೊತ್ತು ತಡೀಬಹುದು?"

"ಮಧ್ಯಾಹ್ನದ ತನಕ. ಆಮ್ಯಾಲೆ ಜೀವಕ್ಕ ಕಷ್ಟ ಐತಿ."

ಟೀಚರ್ ಆಟೋ ಹತ್ತಿ, ಆ ಕ್ಲೀನರ್ ಯಾವ ಕಡೆಯವನೆಂದು ಕೇಳುತ್ತಾ ಲಾರಿ ನಿಲ್ಲುವ ಕಡೆಯೆಲ್ಲ ಅಲೆದರು. ನಾನು ಬಾಗಿಲಿಗೂ ಅವನ ಮಂಚಕ್ಕೂ ತಿರುಗುತ್ತಿದ್ದೆ. ಕೊನೆಗೆ ಸಂಡೂರು ರಸ್ತೆಯ ಗಣಿ ಕ್ಯಾಂಪಿನ ಅಡುಗೆಯವನೊಬ್ಬನನ್ನು ಹಿಡಿದು ತಂದರು. ಕ್ಲೀನರ್ ಜಾರ್ಖಂಡಿನ ಕಾಡಿನ ಕಡೆಯವನಂತೆ; ಇವನೂ ಅಲ್ಲಿಯವನೇ. ತನ್ನ ಮಾತು ಕಿವಿಗೆ ಬಿದ್ದದ್ದೇ ಕ್ಲೀನರ್ ಎದ್ದು ಕೂರಲು ಹೋದ. ಸಂಗತಿ ತಿಳಿದಾಗ ಬೇಡ ಬೇಡವೆಂದು ತಲೆಯಾಡಿಸಿ ಗೋಳಾಡಿದ. ಅಡುಗೆಯವನು ಕೈಹಿಡಿದು ಬಹಳ ಹೊತ್ತು ಹೇಳಿದ ಮೇಲೆ ಕ್ಲೀನರ್ ಏನೋ ಒಂದು ಮಾತು ಕೇಳಿಕೊಂಡ. ಅಡುಗೆಯವನ ಹರಕುಮುರುಕು ಹಿಂದಿಯಿಂದ ಅದನ್ನು ಹಿಡಿದು ಟೀಚರ್ ನಮಗೆ ಹೇಳಿದರು: "ಮನಿಗೆ ತಾನ ಹೇಳ್ತಾನಂತ. ಬ್ಯಾರೆ ಯಾರೂ ಹೇಳೋದು ಬ್ಯಾಡಂತ."

ಆಮೇಲೆ ಹೆಬ್ಬೆಟ್ಟು ಒತ್ತಿದ. ಬದುಕಿಕೊಂಡ, ಊರುಗೋಲು ಹಿಡಿದು ಊರಿಗೆ ಹೋದ.

ಅವತ್ತು ಆಸ್ಪತ್ರೆಯ ಮೆಟ್ಟಿಲ ಮೇಲೆ ಟೀಚರ್ ಕುಸಿದು ಕೂತರು. "ಹಾಂ ಅನ್ನೋದಷ್ಟ ಕಲಿಸೇವಿ ನೋಡು ತಂಗಿ. ಬ್ಯಾಡ ಅನ್ನೋದು ಕಲಿಸಿಲ್ಲ."

ಪಾಠ ಬಿಡಲಿಲ್ಲ ಅವರು. ಆದರೆ ಡ್ರೈವರುಗಳನ್ನು ತಿದ್ದುವುದು ನಿಂತಿತು. ನಿಮ್ಮಲ್ಲಿ ನೀರಿಗೆ, ನೋವಿಗೆ ಏನಂತೀರಿ ಎಂದು ಕೇಳುತ್ತಾ ತಿರುಗುತ್ತಿದ್ದರು. "ಒಂದ ಮಾತು ಬೇಕು, ಅದು ಖರೇನ... ಆದ್ರ..." ಎಂದು ಶುರುಮಾಡಿ, ಮುಗಿಸದೆ ಅಂಗಳದ ಆಚೆ ತುದಿಗೆ ನಡೆದುಬಿಡುತ್ತಿದ್ದರು.

ಅವರು ತೀರಿಕೊಂಡು ವರ್ಷಗಳಾದವು. ದೂರದ ಊರುಗಳ ಕೆಲಸಗಾರರು ಈಗಲೂ ನಮ್ಮಲ್ಲಿಗೆ ಬರುತ್ತಾರೆ. ಅವರ ಮಾತು ತಿಳಿಯದೆ "ಯಾರನ್ನಾದ್ರೂ ಕರೀರಿ ಸಿಸ್ಟರ್" ಎಂದು ಡಾಕ್ಟರು ಅಂದಾಗ, ಗೇಟು ದಾಟಿ ಟೀಚರ್ ಮನೆಯ ಕಡೆ ನಾಲ್ಕು ಹೆಜ್ಜೆ ಹಾಕಿಬಿಟ್ಟಿರುತ್ತೇನೆ... ಆಮೇಲೆ ನೆನಪಾಗುತ್ತದೆ.