ಡಬ್ಬಿ ಮೇಲೆ ಕೂತ ಆಯಿ

ಮರುದಿನ ನಾನು ಕಲಿಸುವ ಶಾಲೆಯ ತಪಾಸಣೆಗೆ ಸಾಹೇಬರು ಬರುವವರಿದ್ದರು. ಶಾಲೆಯ ಗೇಟಿಗೆ ಹಚ್ಚಲೆಂದು, ಮನೆಯಲ್ಲಿ ಉಳಿದಿದ್ದ ಹಸಿರು ಬಣ್ಣವನ್ನು ವಿಜಯಪುರದಿಂದ ತಿಕೋಟಾಕ್ಕೆ ಬಸ್ಸಿನಲ್ಲಿ ಒಯ್ಯುತ್ತಿದ್ದೆ. ಒಣಗಿದೆಯೋ ಏನೋ ಎಂದು ಬೆಳಿಗ್ಗೆ ಚಮಚದಿಂದ ಮೀಟಿದ್ದಕ್ಕೆ ಡಬ್ಬಿಯ ಮುಚ್ಚಳ ಡೊಂಕಾಗಿತ್ತು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತಿತ್ತು. ಕಾಲ ಬಳಿ ಇಟ್ಟು ಎರಡೂ ಕೈಯಿಂದ ಒತ್ತುತ್ತಿದ್ದೆ. ಸೀಟು ಸಿಗದೆ ನಿಂತಿದ್ದ ವಯಸ್ಸಾದ, ದಪ್ಪನೆಯ ಆಯಿಯೊಬ್ಬರು, "ಬಿಡ ಬೇ, ನಾ ಕುಂದರತೇನಿ" ಎಂದು ಅದರ ಮೇಲೆಯೇ ಕೂತು, ಹಾಗೇ ನಿದ್ದೆ ಹೋದರು.

ತಿಕೋಟಾ ಬಂತು. ಆಯಿಯನ್ನು ಎಬ್ಬಿಸಲು ನನಗೆ ಮನಸ್ಸು ಬರಲಿಲ್ಲ.

"ಇಳೀರಿ ಅಕ್ಕಾರ," ಎಂದರು ಕಂಡಕ್ಟರ್.

"ಆಯಿ ಕುಂತಾರ್ರೀ..."

"ಆಯಿ ಇಳಿಯೂದು ಕನಮಡಿಗೆ. ಅಲ್ಲೀತನಕ ಟಿಕೆಟ್ ತಗೋರಿ ಹಂಗಾರ."

ತಗೊಂಡೆ. ಕನಮಡಿಯಲ್ಲಿ ಆಯಿ ಎದ್ದು ಡಬ್ಬಿ ತಟ್ಟಿ, "ಇನ್ನ ಒಂದ್ ಹನಿ ಚೆಲ್ಲೂದಿಲ್ಲ ನೋಡು" ಅಂದರು.

ನಿಜ. ವಾಪಸ್ ಬಂದು ಶಾಲೆಯಲ್ಲಿ ಚಮಚ, ಸ್ಕ್ರೂಡ್ರೈವರ್, ಕುಡುಗೋಲು ಎಲ್ಲ ಹಾಕಿದರೂ ಮುಚ್ಚಳ ಏಳಲಿಲ್ಲ.

"ಇದನ್ನ ಮುಚ್ಚಿದವರು ಯಾರವಾ? ಕರಸು ಅವರನ್ನ," ಎಂದರು ಹೆಡ್‌ಮೇಡಂ.

ಮರುದಿನ ಸಾಹೇಬರು, "ಗೇಟಿಗೆ ಬಣ್ಣ ಎಲ್ಲೈತ್ರಿ?" ಎಂದು ಕೇಳಿದರು. ಗಾಳಿಗೆ ಬಡಿದುಕೊಳ್ಳದಂತೆ ಗೇಟಿಗೆ ಒತ್ತು ಇಟ್ಟಿದ್ದ ಡಬ್ಬಿಯನ್ನು ನಾನು ತೋರಿಸಿದೆ.