ಲೋಡ್ ಇಳಿಸು

ಇವತ್ತು ಬೆಳಿಗ್ಗೆ ಆಫೀಸಿನಲ್ಲಿ ಕಂಪ್ಯೂಟರ್ ಪರದೆಯ ನಡುವೆ ಆ ಪುಟ್ಟ ಬಳೆ ಸುತ್ತತೊಡಗಿತು. ನಿಮಗೂ ಗೊತ್ತಿರುವ ಬಳೆಯೇ. ಪುಟ ಬರುತ್ತದೆ ಎಂದೂ ಹೇಳುವುದಿಲ್ಲ, ಬರುವುದಿಲ್ಲ ಎಂದೂ ಹೇಳುವುದಿಲ್ಲ, ಸುಮ್ಮನೆ ಸುತ್ತುತ್ತದೆ. ಪಕ್ಕದ ಮೇಜಿನವರು "ಸರ್ವರ್ ಡೌನ್" ಎಂದು ಘೋಷಿಸಿ ಟೀಗೆ ಎದ್ದರು. ಚಿತ್ರದುರ್ಗದಲ್ಲಿ ಟೀ ಕುಡಿಯಲು ಇದಕ್ಕಿಂತ ಗಟ್ಟಿ ಕಾರಣ ಬೇಕಿಲ್ಲ. ನಾನು ಮಾತ್ರ ಕೂತೇ ಇದ್ದೆ. ಆ ಬಳೆ ಕಂಡರೆ ಈಚೆಗೆ ನನಗೆ ಅಕ್ಕನ ನೆನಪಾಗುತ್ತದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಜಂಬ ಎಂದುಕೊಂಡರೂ ಅಡ್ಡಿಯಿಲ್ಲ. ನಮ್ಮ ನೆಂಟರಿಷ್ಟರಲ್ಲಿ ಯಾರ ಮನೆಯ ಕಂಪ್ಯೂಟರ್ ಹಟ ಹಿಡಿದರೂ ಮೊದಲ ಫೋನ್ ಬರುವುದು ನನಗೆ. ಓದಿದ್ದು ವಾಣಿಜ್ಯ, ಮಾಡುವುದು ಗುಮಾಸ್ತಿಕೆ. ಆದರೂ ಹೊಳಲ್ಕೆರೆಯ ಚಿಕ್ಕಪ್ಪನಿಂದ ಹಿಡಿದು ಹಿರಿಯೂರಿನ ಷಡ್ಡಕನವರೆಗೆ ಎಲ್ಲರ ಯಂತ್ರದ ನಾಡಿಯನ್ನೂ ಹಿಡಿದಿದ್ದೇನೆ. ನನ್ನ ವೈದ್ಯ ಸರಳ. ಮೊದಲು ಆಫ್ ಮಾಡಿ ಆನ್ ಮಾಡಿಸುತ್ತೇನೆ. ಬಗ್ಗದಿದ್ದರೆ ಒಳಗೆ ಸೇರಿದ ಹಳೆಯ ಕಸವನ್ನೆಲ್ಲ ಅಳಿಸಲು ಹೇಳುತ್ತೇನೆ. ಅದಕ್ಕೂ ಬಗ್ಗದಿದ್ದರೆ ಗಂಭೀರವಾಗಿ "ಹ್ಞೂಂ" ಎನ್ನುತ್ತೇನೆ. ಅರ್ಧಕ್ಕರ್ಧ ಕಾಯಿಲೆ ಇದರಲ್ಲೇ ವಾಸಿಯಾಗಿದೆ.

ಅಕ್ಕ ಇರುವುದು ಮಾಡದಕೆರೆಯಲ್ಲಿ. ಭಾವ ಈರುಳ್ಳಿ ಬೆಳೆಯುತ್ತಾರೆ, ಒಂದಷ್ಟು ಕುರಿ ಸಾಕಿದ್ದಾರೆ. ನಾನು ಹೊಸ ಕಂಪ್ಯೂಟರ್ ಕೊಂಡಾಗ ಹಳೆಯದನ್ನು ಅಕ್ಕನಿಗೆ ಕೊಟ್ಟಿದ್ದೆ. ಕೊಟ್ಟವನು ನಾನಾದ್ದರಿಂದ ಅದರ ಮಾನ ನನ್ನ ಮಾನ. ನಾಲ್ಕು ತಿಂಗಳ ಹಿಂದೆ ಒಂದು ಮಧ್ಯಾಹ್ನ ಅವಳ ಫೋನ್ ಬಂತು.

"ಲೇ ತಮ್ಮ, ನಿನ್ ಕಂಪ್ಯೂಟ್ರು ಬೆಳಿಗ್ಗೆಯಿಂದ ಬರೀ ಸುತ್ತುತಾ ಐತೆ. ಇವತ್ತೇ ಕೊನೇ ದಿನ ಕಣೋ. ಐದು ಗಂಟೆ ಆದ್ಮೇಲೆ ತಗಳಲ್ವಂತೆ."

ಕೊನೆಯ ದಿನ ಹತ್ತನೇ ತರಗತಿ ಪರೀಕ್ಷೆಯ ಅರ್ಜಿಗೆ. ಅರ್ಜಿ ಅಕ್ಕನದೇ. ಅವಳಿಗೀಗ ನಲವತ್ತೇಳು. ಊರಿನ ಹೆಂಗಸರ ಹಾಲಿನ ಸಂಘದಲ್ಲಿ ಕಾರ್ಯದರ್ಶಿಯ ಕೆಲಸವನ್ನೆಲ್ಲ ವರ್ಷಗಳಿಂದ ಮಾಡುತ್ತಿರುವವಳು ಅವಳು, ಸಹಿ ಹಾಕುವವರು ಬೇರೆ. ಆ ಹುದ್ದೆಗೆ ಹತ್ತನೇ ತರಗತಿ ಪಾಸಾಗಿರಬೇಕಂತೆ. ಈ ಬೇಸಿಗೆಗೆ ಹುದ್ದೆ ಖಾಲಿಯಾಗುವುದಿತ್ತು. ಅವತ್ತು ಅರ್ಜಿ ಹೋಗದಿದ್ದರೆ ಅದು ಇನ್ನೊಬ್ಬರ ಪಾಲು.

"ವಿವರ ಹೇಳಕ್ಕ, ನಾನೇ ಇಲ್ಲಿಂದ ತುಂಬಿ ಕಳಿಸ್ತೀನಿ" ಎಂದೆ.

"ಬ್ಯಾಡ" ಎಂದಳು. "ನನ್ ಅರ್ಜಿ ನಾನೇ ಹಾಕ್ತೀನಿ."

ಆ 'ಬ್ಯಾಡ' ನನಗೆ ತಾಗಬೇಕಾದಲ್ಲೇ ತಾಗಿತು. ಯಾಕೆಂದು ನಿಮಗೆ ಹೇಳಲೇಬೇಕು. ನಾವು ಬಾಗೂರಿನವರು. ಹುಡುಗಿಯಾಗಿದ್ದಾಗ ಅಕ್ಕ ಹತ್ತನೆಯಲ್ಲಿ ಗಣಿತ ಒಂದರಲ್ಲಿ ಡುಮ್ಕಿ ಹೊಡೆದಿದ್ದಳು. ಮತ್ತೆ ಪರೀಕ್ಷೆ ಕಟ್ಟಲು ಫಾರಂ ತುಂಬಿ, ಅದೇ ಶಾಲೆಯಲ್ಲಿ ಎಂಟನೆಯಲ್ಲಿದ್ದ ನನ್ನ ಕೈಗಿತ್ತಳು, ಆಫೀಸಿಗೆ ಮುಟ್ಟಿಸು ಎಂದು. ನಾನು ಕಬಡ್ಡಿಗೆ ಓಡಿದೆ. ಫಾರಂ ಬ್ಯಾಗಿನಲ್ಲೇ ಉಳಿಯಿತು, ದಿನ ದಾಟಿತು. ಮನೆಯಲ್ಲಿ ಕೇಳಿದಾಗ "ಕೊಟ್ಟೆ" ಎಂದುಬಿಟ್ಟೆ. ಅಪ್ಪ ಶಾಲೆಯವರೇ ಕಳೆದರೆಂದು ಬೈದಾಡಿದರು. ಮರುವರ್ಷ ಅಕ್ಕನ ಮದುವೆಯಾಯಿತು. ಆ ಒಂದು ಸುಳ್ಳಿಗೆ ನಾನು ಇವತ್ತಿಗೂ ನಾಚುತ್ತೇನೆ. ಅದನ್ನು ಯಾರಿಗೂ ಹೇಳಿರಲಿಲ್ಲ.

ಹಾಗಾಗಿ ಆ ಮಧ್ಯಾಹ್ನ ನನ್ನ ವೈದ್ಯವನ್ನೆಲ್ಲ ಫೋನಿನಲ್ಲೇ ಸುರಿದೆ. ಆಫ್ ಆಯಿತು, ಆನ್ ಆಯಿತು, ಕಸ ಹೋಯಿತು. "ಹ್ಞೂಂ" ಕೂಡ ಎರಡು ಸಲ ಆಯಿತು. ಬಳೆ ಸುತ್ತುತ್ತಲೇ ಇತ್ತು. ಗಂಟೆ ನಾಲ್ಕಾಯಿತು. ಅಕ್ಕ ಏನೇನೋ ಪುಟಗಳನ್ನು ತೆರೆದಿಟ್ಟುಕೊಂಡಿರಬೇಕು, ಅವನ್ನೆಲ್ಲ ಮುಚ್ಚಿಸೋಣ ಎಂದುಕೊಂಡೆ.

"ಅಕ್ಕ, ಇಂಟರ್ನೆಟ್ ಮೇಲೆ ಲೋಡ್ ಜಾಸ್ತಿ ಆಗೈತೆ. ಮೊದ್ಲು ಲೋಡ್ ಇಳಿಸು."

"ಪೂರ್ತಿ ಇಳಿಸ್ಬೇಕಾ?"

"ಪೂರ್ತಿ. ಒಂದೂ ಬಿಡಬೇಡ."

"ಹಂಗಾರೆ ಇರು, ನಿಮ್ ಭಾವನ್ನ ಕರೀತೀನಿ. ನನ್ನೊಬ್ಳ ಕೈಲಿ ಆಗಲ್ಲ."

ಪುಟ ಮುಚ್ಚಲು ಭಾವ ಯಾಕೆ ಎಂದು ನನಗೆ ಹೊಳೆಯಲಿಲ್ಲ. ಫೋನಿನಲ್ಲಿ ಧೊಪ್ ಧೊಪ್ ಎಂದು ಏನೋ ಬೀಳುವ ಸದ್ದು, ನೆಲದ ಮೇಲೆ ಏನೋ ಎಳೆಯುವ ಸದ್ದು, ನಡುನಡುವೆ ಭಾವನ ಕೆಮ್ಮು. ಇಪ್ಪತ್ತು ನಿಮಿಷ ಕಳೆದ ಮೇಲೆ ಅಕ್ಕ ಏದುಸಿರು ಬಿಡುತ್ತಾ ಬಂದಳು.

"ಎಲ್ಲಾ ಇಳಿಸಿದ್ವಿ ಕಣೋ. ಡ್ರಮ್ಮೂ ಸರಿಸಿದ್ವಿ, ಕಂಬಳೀನೂ ತೆಗೆದೆ. ಈಗ ಬಂತು ನೋಡು ಪೇಜು."

ಆ ಮನೆಯಲ್ಲಿ ಲೋಡ್ ಎಂದರೆ ಒಂದೇ, ಈರುಳ್ಳಿ ಲೋಡ್. ಹಿಂದಿನ ವಾರವಷ್ಟೇ ಈರುಳ್ಳಿ ಮನೆಗೆ ಬಂದಿತ್ತು. ಇಂಟರ್ನೆಟ್ ಎಂದರೆ ಒಳಕೋಣೆಯ ಗೋಡೆಗೂಡಿನಲ್ಲಿದ್ದ ವೈಫೈ ಡಬ್ಬಿ. ಧೂಳು ಕೂರದಿರಲಿ ಎಂದು ಭಾವ ಅದಕ್ಕೊಂದು ಕಂಬಳಿ ತುಂಡು ಹೊದಿಸಿದ್ದರು. ಜಾಗ ಸಾಲದೆ ಗೂಡಿನ ಮುಂದೆ ಎರಡು ಸ್ಟೀಲ್ ಡ್ರಮ್ ನಿಲ್ಲಿಸಿ, ಅವುಗಳ ಮುಂದೆ ಸೂರಿನವರೆಗೆ ಈರುಳ್ಳಿ ಚೀಲ ಒಟ್ಟಿದ್ದರು. ಸಿಗ್ನಲ್ ಪಾಪ ಅಲ್ಲೇ ಉಸಿರುಗಟ್ಟಿ ಕೂತಿತ್ತು. ನಾನು ಎರಡು ಗಂಟೆಯಿಂದ ಗಟ್ಟಿಮುಟ್ಟಾದ ಕಂಪ್ಯೂಟರಿಗೆ ಔಷಧಿ ಕುಡಿಸುತ್ತಿದ್ದೆ. ಡಬ್ಬಿ ಎಲ್ಲಿದೆ ಎಂದು ಒಂದು ಸಲವೂ ಕೇಳಿರಲಿಲ್ಲ.

ಐದಕ್ಕೆ ಹತ್ತು ನಿಮಿಷ ಇದ್ದಾಗ ಅಕ್ಕ ಪರದೆಯನ್ನು ಗಟ್ಟಿಯಾಗಿ ಓದಿದಳು. "ನಿಮ್ಮ ಅರ್ಜಿ ಸ್ವೀಕರಿಸಲಾಗಿದೆ." ಇನ್ನೊಂದು ಸಲ ಓದಿದಳು.

"ಅಕ್ಕ, ಅವತ್ತು ಆ ಫಾರಂ ನಾನು ಕೊಟ್ಟಿರಲಿಲ್ಲ" ಎಂದೆ.

"ಗೊತ್ತು ಬಿಡೋ. ನಿನ್ ಬ್ಯಾಗ್ ಒಗೀತಿದ್ದೋಳು ನಾನೇ ಅಲ್ವಾ? ಪುಸ್ತಕ ಈಚೆ ತೆಗೆಯೋವಾಗ ಸಿಕ್ತು, ಅಷ್ಟೊತ್ತಿಗೆ ದಿನ ದಾಟಿತ್ತು."

"ಮತ್ಯಾಕೆ ಯಾರಿಗೂ ಹೇಳ್ಲಿಲ್ಲ?"

"ಹೇಳಿದ್ರೆ ಅಪ್ಪ ನಿನ್ ಸ್ಕೂಲ್ ಬಿಡ್ಸಿ ಕುರಿ ಹಿಂದೆ ಕಳಿಸ್ಬಿಡ್ತಿದ್ದ. ಇಬ್ರುದೂ ನಿಂತು ಹೋಗೋದು. ಒಬ್ರುದಾದ್ರೂ ನಡೀಲಿ ಅಂದ್ಕಂಡೆ." ಆಮೇಲೆ, ಚೀಲ ಹೊತ್ತು ಭಾವನಿಗೆ ಸುಸ್ತಾಗಿದೆ, ಟೀ ಇಡಬೇಕು ಎಂದು ಫೋನ್ ಇಟ್ಟಳು. ನಾನು ಆಫೀಸಿನಲ್ಲಿ ಕೂತಲ್ಲೇ ಅತ್ತೆ.

ವೈದ್ಯವನ್ನು ನಾನು ಬಿಟ್ಟಿಲ್ಲ, ಬಿಡುವವನೂ ಅಲ್ಲ. ಈಗ ಯಾರು ಫೋನ್ ಮಾಡಿದರೂ ಮೊದಲು ಡಬ್ಬಿ ಎಲ್ಲಿಟ್ಟಿದ್ದೀರಿ ಎಂದು ಕೇಳಿ, ಅವರು ಹೇಳುವುದನ್ನು ಕೊನೆಯವರೆಗೂ ಕೇಳಿಸಿಕೊಳ್ಳುತ್ತೇನೆ. ಬರುವ ಸೋಮವಾರದಿಂದ ಅಕ್ಕನಿಗೆ ಹೊಸದುರ್ಗದಲ್ಲಿ ಪರೀಕ್ಷೆ, ಎಲ್ಲ ವಿಷಯವನ್ನೂ ಹೊಸದಾಗಿ ಬರೆಯಬೇಕಂತೆ. ಈ ಸಲ ಗಣಿತವನ್ನು ಸುಮ್ಮನೆ ಬಿಡುವುದಿಲ್ಲ ಎನ್ನುತ್ತಿದ್ದಾಳೆ, ನನಗೂ ಅನುಮಾನವಿಲ್ಲ. ಇವತ್ತು ಪುಟ ಬರುವುದನ್ನು ಕಾಯುತ್ತಲೇ ಅವಳಿಗೆ ಫೋನ್ ಮಾಡಿ, ರಜೆ ಹಾಕಿ ಬಂದು ಪರೀಕ್ಷೆಗೆ ಬೈಕಿನಲ್ಲಿ ಕರೆದುಕೊಂಡು ಹೋಗಲಾ ಎಂದು ಕೇಳಿದೆ.

"ಬಾರೋ, ಬ್ಯಾಡ ಅನ್ನಲ್ಲ" ಎಂದಳು. "ಹಾಲ್ ಟಿಕೆಟ್ ಮಾತ್ರ ನನ್ ಹತ್ರಾನೇ ಇರ್ಲಿ."